ಅಮೆರಿಕದ ಮೊದಲ ಬೆಳ್ಳಿ ಡಾಲರುಗಳು

ನಾಣ್ಯ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಅಚ್ಚೊತ್ತಿದ ಲೋಹದ ಬಿಲ್ಲೆ ಎಂಬುದು ಒಂದು; ಪ್ರಾಮಾಣಿಕತೆ ಎಂಬುದು ಮತ್ತೊಂದು. ನಯನಾಣ್ಯವುಳ್ಳ ವ್ಯಾಪಾರಿ ಎಂದು ಒಬ್ಬನನ್ನು ಹೊಗಳುವಾಗ ಅವನ ಪೆಟ್ಟಿಗೆಯಲ್ಲಿರುವ ಹಣದ ಮಾತನ್ನು ನಾವು ಆಡುತ್ತಿರುವುದಿಲ್ಲ. ಇವೆರಡೂ ಒಂದೇ ಪದದಲ್ಲಿ ಮನೆಮಾಡಿಕೊಂಡಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಬೆಳ್ಳಿಯ ತುಂಡನ್ನು ಪ್ರತಿಸಲವೂ ಒರೆಗೆ ಹಚ್ಚಿ, ತಕ್ಕಡಿಗೆ ಹಾಕಿ ನೋಡುವ ಕಷ್ಟವನ್ನು ತಪ್ಪಿಸುವುದಕ್ಕಾಗಿಯೇ ಅಲ್ಲವೆ ಅರಸನು ಅದರ ಮೇಲೆ ತನ್ನ ಮುದ್ರೆಯನ್ನು ಒತ್ತುವುದು? ಮುದ್ರೆಯೆಂದರೆ ಕೊಟ್ಟ ಮಾತು. ಆ ಮಾತು ಎಲ್ಲಿ ಉಳಿಯಿತು, ಎಲ್ಲಿ ಜಾರಿತು ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ಬೆಳ್ಳಿ ಡಾಲರುಗಳಷ್ಟು ಚೆನ್ನಾಗಿ ಹೇಳುವ ನಾಣ್ಯಗಳು ಕಡಮೆ. ಆ ಡಾಲರುಗಳನ್ನು ಕೂಡಿಸುವ ಹವ್ಯಾಸಕ್ಕೆ ಜನ ಏಕೆ ಮರುಳಾಗುತ್ತಾರೆ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಡಾಲರು ಎಂಬ ಹೆಸರು ಅಮೆರಿಕದಲ್ಲಿ ಹುಟ್ಟಿದುದಲ್ಲ. ಇಂದಿನ ಚೆಕ್ ದೇಶಕ್ಕೆ ಸೇರಿದ ಬೊಹೀಮಿಯದಲ್ಲಿ ಯೋಆಖಿಮ್ಸ್‌ತಾಲ್ ಎಂಬ ಕಣಿವೆ ಇದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಅಲ್ಲಿ ಹೇರಳವಾಗಿ ಬೆಳ್ಳಿ ಸಿಕ್ಕಿತು. ಆ ಸೀಮೆಯ ಒಡೆಯರಾದ ಷ್ಲಿಕ್ ಮನೆತನದವರು ಅದರಿಂದ ದೊಡ್ಡ ನಾಣ್ಯಗಳನ್ನು ಹೊಡೆಯಿಸಿದರು. ಕಣಿವೆಯ ಹೆಸರೇ ನಾಣ್ಯಕ್ಕೆ ಬಂದು ‘ಯೋಆಖಿಮ್ಸ್‌ತಾಲರ್’ ಆಯಿತು. ಬಾಯಿಂದ ಬಾಯಿಗೆ ಸವೆದು ‘ತಾಲರ್’ ಆಯಿತು. ಡಚ್ಚರಲ್ಲಿ ‘ಡಾಲ್ಡರ್’, ಇಂಗ್ಲಿಷರಲ್ಲಿ ‘ಡಾಲರ್’ ಆಯಿತು. ಜರ್ಮನ್ ಭಾಷೆಯಲ್ಲಿ ‘ತಾಲ್’ ಎಂದರೆ ಕಣಿವೆ. ಹಾಗೆ ನೋಡಿದರೆ ಡಾಲರು ಎಂಬುದಕ್ಕೆ ‘ಕಣಿವೆಯದು’ ಎಂದಷ್ಟೇ ಅರ್ಥ. ತತ್ಸಮ ತದ್ಭವಗಳನ್ನು ಓದಿದ ನಮ್ಮ ಹುಡುಗರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ಬ್ರಿಟನ್ನಿನ ಅಧೀನದಲ್ಲಿದ್ದಾಗ ಅಮೆರಿಕದ ವಸಾಹತುಗಳಲ್ಲಿ ಇಂಗ್ಲಿಷ್ ಬೆಳ್ಳಿ ದುರ್ಲಭವಾಗಿತ್ತು. ಪೇಟೆಯಲ್ಲಿ ಓಡಾಡುತ್ತಿದ್ದುದು ಸ್ಪೇನಿನ ಎಂಟು ರೆಯಾಲಿನ ನಾಣ್ಯ. ಮೆಕ್ಸಿಕೋ, ಪೊಟೊಸಿ ಮೊದಲಾದ ಟಂಕಸಾಲೆಗಳಿಂದ ಹೊರಟ ಈ ನಾಣ್ಯವನ್ನೇ ಜನರು ಸ್ಪ್ಯಾನಿಷ್ ಡಾಲರ್ ಎಂದು ಕರೆದರು. ಸ್ವಾತಂತ್ರ್ಯ ಬಂದಮೇಲೆ ಹೊಸ ರಾಷ್ಟ್ರವು ತನ್ನ ಹಣಕ್ಕೆ ಡಾಲರನ್ನೇ ಮೂಲಮಾನವಾಗಿ ಮಾಡಿಕೊಂಡುದು ಈ ರೂಢಿಯಿಂದಲೇ. ವಿನೋದವೆಂದರೆ, ತನ್ನದೇ ಡಾಲರು ಬಂದಮೇಲೂ ಆ ದೇಶದಲ್ಲಿ ಸ್ಪೇನಿನ ಡಾಲರಿಗೆ ಕಾನೂನಿನ ಮನ್ನಣೆ 1857ರವರೆಗೂ ಉಳಿದಿತ್ತು.

1792ನೆಯ ಇಸವಿ ಏಪ್ರಿಲ್ 2ರಂದು ಅಧ್ಯಕ್ಷ ವಾಷಿಂಗ್ಟನ್ನರ ಅಂಕಿತ ಬಿದ್ದ ಟಂಕನ ಕಾನೂನನ್ನು ಓದುವುದು ಒಂದು ಸೊಗಸು. ಡಾಲರಿನಲ್ಲಿ 371 ಕಾಲು ಗ್ರೇನ್ ಅಪ್ಪಟ ಬೆಳ್ಳಿ ಇರಬೇಕು. ತಾಮ್ರ ಬೆರೆತು ಒಟ್ಟು ತೂಕ 416 ಗ್ರೇನ್ ಆಗಬೇಕು. ನಮ್ಮ ಹಿರಿಯರು ಬಳಸುತ್ತಿದ್ದ ಬೆಳ್ಳಿ ರೂಪಾಯಿ 180 ಗ್ರೇನ್, ಎಂದರೆ ಸರಿಯಾಗಿ ಒಂದು ತೊಲ. ಆ ಲೆಕ್ಕದಲ್ಲಿ ಡಾಲರಿನ ತೂಕ ಎರಡು ತೊಲವನ್ನು ದಾಟಿ ಮೂರರೊಳಗೆ ನಿಲ್ಲುತ್ತದೆ. ನಾಣ್ಯದ ಮೇಲೆ ಅಧ್ಯಕ್ಷನ ತಲೆಯನ್ನು ಒತ್ತಬೇಕೆಂಬ ಸಲಹೆ ಮೊದಲು ಬಂದಿತ್ತು. ಅರಸರ ಚಾಳಿ ನಮಗೆ ಬೇಡವೆಂದು ಪ್ರತಿನಿಧಿಸಭೆಯವರು ಅದನ್ನು ತಳ್ಳಿ, ಸ್ವಾತಂತ್ರ್ಯವನ್ನು ಸೂಚಿಸುವ ಚಿತ್ರ, ‘ಲಿಬರ್ಟಿ’ ಎಂಬ ಪದ, ಮತ್ತು ನಾಣ್ಯವನ್ನು ಹೊಡೆದ ಇಸವಿ, ಇವಿಷ್ಟು ಇರಲಿ ಎಂದು ಗೊತ್ತುಮಾಡಿದರು. ಹೊಡೆದ ಇಸವಿ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಇನ್ನು ಶಿಕ್ಷೆಯ ವಿಚಾರ: ಟಂಕಸಾಲೆಯ ಅಧಿಕಾರಿಯಾಗಲಿ ಕೆಲಸಗಾರನಾಗಲಿ ಮೋಸದಿಂದ ಬೆಳ್ಳಿಬಂಗಾರಗಳ ಗುಣವನ್ನೋ ತೂಕವನ್ನೋ ಇಳಿಸಿದರೆ ಅವನಿಗೆ ಮರಣದಂಡನೆ. ಇಸವಿಯನ್ನು ಸುಳ್ಳುಮಾಡಿದವನಿಗೆ ಏನು ದಂಡನೆ ಎಂಬುದನ್ನು ಕುರಿತು ಆ ಕಾನೂನಿನಲ್ಲಿ ಒಂದಕ್ಷರವೂ ಇಲ್ಲ. ಅದನ್ನು ಯಾರು ತಾನೆ ಊಹಿಸಿಯಾರು?

ಕಾನೂನು ಬಂದ ಕೂಡಲೆ ಡಾಲರು ಬರಲಿಲ್ಲ. ಫಿಲಡೆಲ್ಫಿಯದಲ್ಲಿ ಕಟ್ಟಡವೆದ್ದಿತು, ಖಗೋಳಶಾಸ್ತ್ರಜ್ಞನೆಂದು ಹೆಸರಾಗಿದ್ದ ಡೇವಿಡ್ ರಿಟನ್‌ಹೌಸ್ ಅದರ ಮೊದಲ ನಿರ್ದೇಶಕನಾದ, ತಾಮ್ರದ ಸೆಂಟುಗಳೂ ಹೊರಟುವು. ಬೆಳ್ಳಿಬಂಗಾರ ಮಾತ್ರ ಮುಟ್ಟುವಂತಿಲ್ಲ. ಏಕೆಂದರೆ ಲೋಹಪರೀಕ್ಷಕ ಮತ್ತು ಮುಖ್ಯ ಟಂಕಕಾರ ತಲಾ ಹತ್ತು ಸಾವಿರ ಡಾಲರಿನ ಜಾಮೀನು ಕಟ್ಟಬೇಕಾಗಿತ್ತು. ಅವರ ಸಂಬಳವಾದರೋ ವರ್ಷಕ್ಕೆ ಒಂದೂವರೆ ಸಾವಿರ. ಪರೀಕ್ಷಕ ಆಲ್ಬಿಯನ್ ಕಾಕ್ಸನಾಗಲಿ, ಟಂಕಕಾರ ಹೆನ್ರಿ ವಾಯ್ಟನಾಗಲಿ ಅಷ್ಟು ಹಣ ಕಂಡವರಲ್ಲ. ಕೊನೆಗೆ 1794ರ ಮಾರ್ಚಿಯಲ್ಲಿ ಕಾಂಗ್ರೆಸ್ಸು ಜಾಮೀನನ್ನು ಇಳಿಸಿದ ಮೇಲೆಯೇ ಮುಂದಿನ ಮಾತು. ಕಳ್ಳತನವಾಗಬಾರದೆಂದು ಬಾಗಿಲಿಗೆ ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿದಂತಾಗಿತ್ತು.

1794ರ ಅಕ್ಟೋಬರ್ 15ರಂದು ಮೊದಲ ಡಾಲರುಗಳು ಒಪ್ಪಿತವಾಗಿ ಹೊರಬಂದುವು. ಅವುಗಳ ಸಂಖ್ಯೆ 1,758. ಆ ವರ್ಷಕ್ಕೆಲ್ಲ ಅಷ್ಟೆ. ಬೆಳ್ಳಿಯನ್ನು ಒದಗಿಸಿದವನು ರಿಟನ್‌ಹೌಸನೇ. ಎರಡು ಸಾವಿರದಷ್ಟು ಹೊಡೆದು, ಅಚ್ಚು ಸರಿಯಾಗಿ ಮೂಡದಿದ್ದುವನ್ನು ತೆಗೆದುಹಾಕಿದರೆಂದು ನಾಣ್ಯಶಾಸ್ತ್ರಜ್ಞರು ಭಾವಿಸುತ್ತಾರೆ. ಮೂಡದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆಗಿನ ಒತ್ತುಯಂತ್ರವೆಂದರೆ ಮನುಷ್ಯರು ತೋಳ್ಬಲದಿಂದ ತಿರುಗಿಸುವ ದೊಡ್ಡ ತಿರುಪು. ಇದ್ದ ಯಂತ್ರ ಸಣ್ಣ ನಾಣ್ಯಗಳಿಗೆ ತಕ್ಕದ್ದು. ಡಾಲರಿನಷ್ಟು ಅಗಲವಾದ ಬಿಲ್ಲೆಗೆ ಅದರ ಬಲ ಸಾಲದು. ಮೇಲಾಗಿ ಎರಡು ಅಚ್ಚುಗಳ ಮುಖಗಳೂ ಸಮನಾಗಿ ಕೂಡಲಿಲ್ಲ. ಈ ಕಾರಣದಿಂದ 1794ರ ಡಾಲರುಗಳಲ್ಲಿ ಎಡಗಡೆಯ ನಕ್ಷತ್ರಗಳು ಮಸುಕು, ಇಸವಿಯ ಮೊದಲ ಅಂಕಿಯೂ ಮಸುಕು. ರಾಬರ್ಟ್ ಸ್ಕಾಟ್ ಕೊರೆದ ಸ್ವಾತಂತ್ರ್ಯದೇವಿಯ ಹರಡಿದ ಕೂದಲು ಮಾತ್ರ ಗಾಳಿಗೆ ಹಾರುವಂತೆ ಚೆನ್ನಾಗಿ ಬಂದಿದೆ. ದೊಡ್ಡ ಯಂತ್ರ ಸಿದ್ಧವಾದುದು ಮಾರನೆಯ ವರ್ಷ. ಈಗ ಉಳಿದಿರುವ 1794ರ ಡಾಲರುಗಳು ನೂರೈವತ್ತರ ಒಳಗೆಂದು ಎಣಿಕೆ.

ಕಾಕ್ಸನ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಕಾನೂನು ವಿಧಿಸಿದ ಮಿಶ್ರಣದಿಂದ ಹೊಡೆದರೆ ನಾಣ್ಯಗಳು ಬೇಗ ಕಪ್ಪಾಗುತ್ತವೆಂದು ಅವನ ಅಭಿಪ್ರಾಯ. ಆದಕಾರಣ ಸಾವಿರಕ್ಕೆ 892ರಷ್ಟು ಬೆಳ್ಳಿ ಹಾಕಬೇಕಾದಲ್ಲಿ ಅವನು 900ರಷ್ಟು ಹಾಕಿದ, ನಿರ್ದೇಶಕನೂ ಒಪ್ಪಿದ. ತೂಕ ಮಾತ್ರ 416 ಗ್ರೇನೇ ಉಳಿಯಿತು. ಪರಿಣಾಮವೇನು? ಪ್ರತಿ ಡಾಲರಿನಲ್ಲಿಯೂ ಸುಮಾರು ಮೂರು ಗ್ರೇನ್ ಬೆಳ್ಳಿ ಹೆಚ್ಚಾಯಿತು. ಆಗ ಟಂಕಸಾಲೆಗೆ ಬೆಳ್ಳಿ ತಂದೊಪ್ಪಿಸಿ ನಾಣ್ಯಗಳನ್ನು ಪಡೆಯುತ್ತಿದ್ದವರು ವರ್ತಕರು; ಅವರು ತಂದ ಬೆಳ್ಳಿಗೆ ಬರಬೇಕಾದಷ್ಟು ಡಾಲರುಗಳು ಬರಲಿಲ್ಲ. ಜಾನ್ ವಾನ್ ಎಂಬ ವರ್ತಕ ಮುಂದೆ ಕಾಂಗ್ರೆಸ್ಸಿಗೆ ಮೊರೆಯಿಟ್ಟು ನಷ್ಟವನ್ನು ತುಂಬಿಸಿಕೊಂಡ. ಗುಣವನ್ನು ಇಳಿಸಿದವನಿಗೆ ಗಲ್ಲು ಎಂದು ಬರೆದ ಕಾನೂನಿನ ಕೆಳಗೆ ಮೊದಲು ನಡೆದ ಉಲ್ಲಂಘನೆ ಗುಣವನ್ನು ಏರಿಸಿದ್ದು! ಕಾಕ್ಸನ ಮೇಲೆ ನನಗೇನೋ ಒಂದು ಬಗೆಯ ಪ್ರೀತಿ. ಆದರೆ ವರ್ತಕನ ಕೈಯಿಂದ ಹೋದದ್ದು ಹೋದದ್ದೇ. ಬೆಳ್ಳಿ ಹೆಚ್ಚಿದರೂ ಮಾತು ತಪ್ಪಿದಂತೆಯೇ ಸರಿ.

ಈ ಡಾಲರುಗಳನ್ನು ಸಂಗ್ರಹಿಸುವವರಿಗೆ ರುಚಿ ಹತ್ತುವುದು ಅವುಗಳ ಕೈಗೆಲಸದಿಂದ. ಅಚ್ಚನ್ನು ಕೊರೆಯುವಾಗ ನಕ್ಷತ್ರ, ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಉಳಿಯಿಂದ ಹೊಡೆದು ಕೂಡಿಸುತ್ತಿದ್ದರು. ಹೀಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಒಂದೇ ಓಲೆಗರಿಯ ಗ್ರಂಥವನ್ನು ನಾಲ್ವರು ಲಿಪಿಕಾರರು ಪ್ರತಿಮಾಡಿದರೆ ನಾಲ್ಕು ಬಗೆಯ ಅಕ್ಷರ ಕಾಣುವುದಿಲ್ಲವೆ, ಹಾಗೆ. ಒಂದರಲ್ಲಿ ನಕ್ಷತ್ರ ದೇವಿಯ ಕೂದಲಿಗೆ ತಾಗುತ್ತದೆ. ಇನ್ನೊಂದರಲ್ಲಿ ಎಲೆಗಳ ಎಣಿಕೆ ಬೇರೆ. ಮತ್ತೊಂದರಲ್ಲಿ ಅಚ್ಚು ಬಿರಿದು ಗೆರೆ ಮೂಡಿದೆ. ನಕ್ಷತ್ರಗಳ ಸಂಖ್ಯೆಯಲ್ಲಂತೂ ದೇಶದ ಚರಿತ್ರೆಯೇ ಅಡಗಿದೆ. ಮೊದಲು ಹದಿನೈದು ಸಂಸ್ಥಾನಗಳಿಗೆ ಹದಿನೈದು. 1796ರಲ್ಲಿ ಟೆನಸಿ ಸೇರಿದುದರಿಂದ 1797ರ ಡಾಲರಿನಲ್ಲಿ ಹದಿನಾರು. ಹೀಗೆಯೇ ನಡೆದರೆ ನಾಣ್ಯವೆಲ್ಲ ನಕ್ಷತ್ರವೇ ಆದೀತೆಂದು ಕಂಡಿರಬೇಕು. ಮೂಲದ ಹದಿಮೂರಕ್ಕೆ ಮರಳಿದರು. ಡಾಲರು ಎಂಬ ಹೆಸರಾದರೋ ಮುಖದಲ್ಲೂ ಇಲ್ಲ, ಬೆನ್ನಲ್ಲೂ ಇಲ್ಲ. ‘ನೂರು ಸೆಂಟು, ಒಂದು ಡಾಲರು ಅಥವಾ ಮಾನ’ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಅಂಚಿನ ಮೇಲೆ ಕೊರೆದಿದ್ದಾರೆ. ತೂಕ ಹೆಚ್ಚಾದ ಬಿಲ್ಲೆಯನ್ನು ಅರದಿಂದ ಉಜ್ಜಿದ ಗೀರುಗಳೂ, ಕಡಮೆಯಾದುದಕ್ಕೆ ನಡುವೆ ತೂತು ಮಾಡಿ ಬೆಳ್ಳಿಯ ಬೆಣೆ ಹಾಕಿದ ಗುರುತೂ ಕೆಲವುಗಳಲ್ಲಿ ಕಾಣುತ್ತವೆ. ಇವು ದೋಷಗಳಲ್ಲ, ತಕ್ಕಡಿಯ ಮುಂದೆ ಕುಳಿತವನು ತನ್ನ ಕೆಲಸ ಮಾಡಿದ್ದಾನೆಂಬುದಕ್ಕೆ ಸಾಕ್ಷಿಗಳು. ಹೇಸಲ್‌ಟೈನ್ 1881ರಲ್ಲಿಯೂ ಬೊಲೆಂಡರ್ 1950ರಲ್ಲಿಯೂ ಈ ಭೇದಗಳನ್ನೆಲ್ಲ ವಿಂಗಡಿಸಿ ಪಟ್ಟಿಮಾಡಿದರು. ಸಾಮಾನ್ಯ ಸಂಗ್ರಾಹಕನಿಗೆ 1794ರದು ಗಗನಕುಸುಮ. ಅವನು ತೊಡಗುವುದು 1798ರಿಂದ 1803ರವರೆಗಿನ, ಗರುಡಲಾಂಛನವನ್ನು ಹೋಲುವ ಅಗಲವಾದ ಹದ್ದಿನ ಡಾಲರುಗಳಿಂದ.

ಇಷ್ಟು ಕಷ್ಟಪಟ್ಟು ಹೊಡೆದ ಡಾಲರು ದೇಶದಲ್ಲಿ ನಿಂತಿತೆ? ಇಲ್ಲ. ಹೊಸ ಸ್ಪ್ಯಾನಿಷ್ ಡಾಲರಿನಲ್ಲಿ ಬೆಳ್ಳಿ ತುಸು ಹೆಚ್ಚು. ಆದರೂ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಹೊಳೆಯುವ ಅಮೆರಿಕನ್ ಡಾಲರನ್ನು ಒಂದಕ್ಕೊಂದರಂತೆ ಬದಲಾಯಿಸಿಕೊಳ್ಳುತ್ತಿದ್ದರು. ಜಾಣ ವರ್ತಕರು ಹಡಗಿನಲ್ಲಿ ಡಾಲರು ಒಯ್ದು, ಸ್ಪೇನಿನ ಡಾಲರು ತಂದು, ಅದನ್ನು ಟಂಕಸಾಲೆಗೆ ಕೊಟ್ಟು ಹೊಸ ಡಾಲರು ಮಾಡಿಸಿ, ಮತ್ತೆ ಒಯ್ಯುತ್ತಿದ್ದರು. ತೂತಿನ ಕೊಡಕ್ಕೆ ನೀರು ಸೇದಿದಂತೆ ಸರ್ಕಾರ ತನ್ನ ಖರ್ಚಿನಲ್ಲಿ ನಾಣ್ಯ ಹೊಡೆಯುತ್ತಿತ್ತು. 1804ರಲ್ಲಿ ಡಾಲರು ಹೊಡೆಯುವುದು ನಿಂತಿತು. 1806ರ ಮೇ 1ರಂದು ವಿದೇಶಾಂಗದ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಇನ್ನು ಬೇಡವೆಂದು ಲಿಖಿತ ಆಜ್ಞೆಯನ್ನೂ ಕೊಟ್ಟ. ಮೂವತ್ತು ವರ್ಷ ಡಾಲರಿನ ಅಚ್ಚು ಮಲಗಿತು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯದಂತೆ ಮಾಡಿದ್ದು ಲೆಕ್ಕದ ಪುಸ್ತಕದ ಒಂದು ಸಾಲು. 1804ರಲ್ಲಿ 19,570 ಡಾಲರುಗಳನ್ನು ಹೊಡೆದರೆಂದು ಅದರಲ್ಲಿದೆ. ಅದು ನಿಜವೂ ಹೌದು. ಆದರೆ ಆಗ ಒಳ್ಳೆಯ ಉಕ್ಕು ತುಟ್ಟಿ. ವರ್ಷ ತಿರುಗಿತೆಂದು ಗಟ್ಟಿಯಾಗಿರುವ ಅಚ್ಚನ್ನು ಎಸೆಯುವ ಪದ್ಧತಿ ಇರಲಿಲ್ಲ. ಆ 19,570ರ ಮೇಲೆಲ್ಲ ಇದ್ದ ಇಸವಿ 1803. ಹೊಡೆದ ವರ್ಷವನ್ನೇ ಒತ್ತಬೇಕೆಂಬ ವಿಧಿಯನ್ನು ಮಿತವ್ಯಯ ಹೀಗೆ ಮೆಲ್ಲಗೆ ಬದಿಗೊತ್ತಿತ್ತು. ಯಾರಿಗೂ ಅದು ಸುಳ್ಳೆಂದು ಅನಿಸಿರಲಾರದು.

ಮೂವತ್ತು ವರ್ಷ ಕಳೆಯಿತು. ಎಡ್ಮಂಡ್ ರಾಬರ್ಟ್ಸ್ ಎಂಬ ವರ್ತಕ ಆಂಡ್ರೂ ಜ್ಯಾಕ್ಸನ್ನರ ಸರ್ಕಾರದ ದೂತನಾಗಿ 1833ರಲ್ಲಿ ಸಯಾಮಿನ ರಾಜನೊಡನೆಯೂ ಮಸ್ಕತ್ತಿನ ಸುಲ್ತಾನನೊಡನೆಯೂ ಒಪ್ಪಂದ ಮಾಡಿಕೊಂಡು ಬಂದಿದ್ದ. ಮರುಪ್ರಯಾಣಕ್ಕೆ ಉಡುಗೊರೆಗಳು ಬೇಕು. ದೇಶದಲ್ಲಿ ನಡೆಯುವ ನಾಣ್ಯಗಳ ಒಂದೊಂದು ಮಾದರಿಯನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಕೊಡಿರೆಂದು 1834ರ ನವೆಂಬರಿನಲ್ಲಿ ಟಂಕಸಾಲೆಗೆ ಆಜ್ಞೆ ಬಂತು. ಕಾನೂನಿನಲ್ಲಿ ಡಾಲರು ಇದೆ, ಕೈಯಲ್ಲಿ ಡಾಲರಿಲ್ಲ. ಹಳೆಯ ಲೆಕ್ಕವನ್ನು ತೆಗೆದು ನೋಡಿದರು: ಕೊನೆಯ ಬಾರಿ ಹೊಡೆದುದು 1804. ಹಾಗಾದರೆ 1804 ಎಂದೇ ಇರಲಿ ಎಂದು ಹೊಸ ಅಚ್ಚು ಸಿದ್ಧವಾಯಿತು. 1804ರಲ್ಲಿ ಎಂದೂ ಹುಟ್ಟದಿದ್ದ ‘1804ರ ಡಾಲರು’ ಹುಟ್ಟಿದ್ದು ಹೀಗೆ. ಈ ಮೊದಲ ಬಗೆಯವು ಎಂಟು ಉಳಿದಿವೆ. ಗೌರವಕ್ಕಾಗಿ ಮಾಡಿದ ಕೆಲಸ, ಮೋಸದ ಉದ್ದೇಶ ಕಾಣುವುದಿಲ್ಲ.

ಆ ಪೆಟ್ಟಿಗೆಗಳು ಹೊರಟ ‘ಪೀಕಾಕ್’ ಎಂಬ ಯುದ್ಧನೌಕೆ 1835ರಲ್ಲಿ ಅರಬ್ಬೀ ಸಮುದ್ರದ ಮಸೀರಾ ದ್ವೀಪದ ಬಳಿ ನೆಲಕಚ್ಚಿತು. ರಾಬರ್ಟ್ಸ್ ಸಣ್ಣ ದೋಣಿಯಲ್ಲಿ ಮಸ್ಕತ್ತಿಗೆ ಹೋಗಿ ಸುಲ್ತಾನ ಸಯ್ಯಿದ್ ಸಯೀದನ ನೆರವು ಬೇಡಿದ. ಮಸ್ಕತ್ತು ನಮಗೆ ಅಪರಿಚಿತ ಊರೇನೂ ಅಲ್ಲ; ಟಿಪ್ಪುಸುಲ್ತಾನನ ಕಾಲದಲ್ಲಿ ಅಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ರಿಪೇರಿಗಾಗಿ ಮುಂಬಯಿಗೆ ಬಂತು. ಸಯಾಮಿನ ರಾಜನ ಪೆಟ್ಟಿಗೆ ಅವನ ಕೈಸೇರಿದ್ದು 1836ರ ಏಪ್ರಿಲಿನಲ್ಲಾದ್ದರಿಂದ, ಮುಂಬಯಿಯ ಹಡಗುಕಟ್ಟೆಯಲ್ಲಿ ಬಡಗಿಗಳು ಹಲಗೆ ಬಡಿಯುತ್ತಿದ್ದಾಗ ಆ ಡಾಲರು ಹಡಗಿನ ಸಾಮಾನುಗಳ ನಡುವೆ ಇದ್ದಿರಬೇಕು. ರಾಬರ್ಟ್ಸ್ ಮುಂದೆ ಜಪಾನಿಗೆ ಹೋಗಬೇಕಾಗಿತ್ತು. ಅದೇ ಜೂನಿನಲ್ಲಿ ಮಕಾವಿನಲ್ಲಿ ಕಾಯಿಲೆಯಿಂದ ತೀರಿಕೊಂಡ.

ಟಂಕಸಾಲೆಯಲ್ಲಿ ಉಳಿದಿದ್ದವುಗಳ ಪೈಕಿ ಒಂದನ್ನು ಸೇಲಮ್ ಊರಿನ ಮ್ಯಾಥ್ಯೂ ಸ್ಟಿಕ್‌ನಿ 1843ರಲ್ಲಿ ತನ್ನಲ್ಲಿದ್ದ ಒಂದು ಅಪೂರ್ವವಾದ ಬಂಗಾರದ ನಾಣ್ಯಕ್ಕೆ ಬದಲಾಗಿ ಪಡೆದ. ಅಲ್ಲಿಂದ ಸಂಗ್ರಾಹಕರ ಕಿವಿ ನೆಟ್ಟಗಾಯಿತು. ಇನ್ನು ನಡೆದುದನ್ನು ಹೇಳಲು ನಾಚಿಕೆಯಾಗುತ್ತದೆ. 1858ರ ಸುಮಾರಿಗೆ ಟಂಕಸಾಲೆಯ ಒಳಗಿನವರೇ ಅದೇ ಇಸವಿಯ ಡಾಲರುಗಳನ್ನು ಗುಟ್ಟಾಗಿ ಒತ್ತಿ ಹೊರಗೆ ಮಾರಿದರು. ಅವುಗಳಿಗೆ ಅಂಚಿನ ಬರಹವಿರಲಿಲ್ಲ. ಸುದ್ದಿ ಹೊರಬಿದ್ದಾಗ ಅಧಿಕಾರಿಗಳು ಹಿಂದಕ್ಕೆ ತರಿಸಿಕೊಂಡರು. ಒಂದು ಮಾತ್ರ ಉಳಿದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದನ್ನು ಒತ್ತಿದ್ದು 1857ರ ಒಂದು ಸ್ವಿಸ್ ನಾಣ್ಯದ ಮೇಲೆ. ಹಳೆಯ ಅಚ್ಚಿನ ಗುರುತು ಅಡಿಯಿಂದ ಇಣುಕುತ್ತದೆ. 1804 ಎಂದು ಮುಖದಲ್ಲಿ ಬರೆದುಕೊಂಡ ನಾಣ್ಯದ ಮೈ 1857ರದು! ಆಮೇಲೆ ಇನ್ನಷ್ಟು ಜಾಣರಾಗಿ, ಹಾಗೆಯೇ ಒತ್ತಿದ ಬೇರೆ ಕೆಲವಕ್ಕೆ ಅಂಚಿನ ಬರಹವನ್ನೂ ಕೂಡಿಸಿ, ಒಂದೊಂದಕ್ಕೂ ಪೂರ್ವಚರಿತ್ರೆಯನ್ನು ಕಟ್ಟಿ ಮಾರಾಟಕ್ಕೆ ಬಿಟ್ಟರು. ಆ ಕಾಲದ ನಿರ್ದೇಶಕ ಸ್ನೋಡೆನ್ನನೇ ಟಂಕಸಾಲೆಯ ವಸ್ತುಸಂಗ್ರಹಕ್ಕೆ ವಾಷಿಂಗ್ಟನ್ನರ ಪದಕಗಳನ್ನು ಕೂಡಿಸಲು ಹಳೆಯ ನಾಣ್ಯಗಳ ಮರುಮುದ್ರಣವನ್ನು ಬದಲಿಗೆ ಕೊಡುತ್ತಿದ್ದನೆಂದ ಮೇಲೆ ಕೆಳಗಿನವರನ್ನು ಅನ್ನುವುದೇನು? ಇವರಾರೂ ಬೆಳ್ಳಿಯಲ್ಲಿ ಒಂದು ಗುಂಜಿಯನ್ನೂ ಕದಿಯಲಿಲ್ಲ. 1792ರ ಕಾನೂನಿನ ಗಲ್ಲು ಇವರ ಕೊರಳಿಗೆ ಎಟುಕುವಂತಿರಲಿಲ್ಲ.

ಬಹುಕಾಲ ಪಂಡಿತರೇ ಮೋಸಹೋದರು. ಟಂಕಸಾಲೆಯ ಲೆಕ್ಕವೇ 19,570 ಎನ್ನುತ್ತದೆಯಲ್ಲ, ಉಳಿದವು ಸಮುದ್ರದಲ್ಲಿ ಮುಳುಗಿರಬೇಕು, ಕರಗಿರಬೇಕು ಎಂದು ಊಹೆಗಳು ಹಬ್ಬಿದುವು. ಶಾಸನಗಳನ್ನು ಓದಿ ಬಲ್ಲವರಿಗೆ ಈ ತೊಡಕು ಹೊಸದಲ್ಲ. ತಾಮ್ರಪಟದಲ್ಲಿ ಶಕವರ್ಷ ಸ್ಪಷ್ಟವಾಗಿದ್ದರೂ ಲಿಪಿಯ ತಿರುವು ಮುನ್ನೂರು ವರ್ಷ ಈಚಿನದಾದರೆ ಅದನ್ನು ಕೂಟಶಾಸನವೆನ್ನದೆ ಗತಿಯಿಲ್ಲ. ಡಾಲರಿನಲ್ಲಿಯೂ ನಿಜ ಹೇಳಿದ್ದು ಅಂಚು. ನಿಜವಾದ ಹಳೆಯ ಡಾಲರುಗಳ ಸುತ್ತ ಉದ್ದುದ್ದ ಹಲ್ಲುಗಳಂಥ ಗೆರೆಗಳಿವೆ. 1804ರದರಲ್ಲಿ ಎದ್ದ ಅಂಚಿನೊಳಗೆ ಮಣಿಸರದಂಥ ಚುಕ್ಕೆಗಳಿವೆ. ಬಿಗಿಯಾದ ಬಳೆಯೊಳಗೆ ಬಿಲ್ಲೆಯನ್ನಿಟ್ಟು ಒತ್ತುವ ಆ ವಿಧಾನ ಫಿಲಡೆಲ್ಫಿಯಕ್ಕೆ ಬಂದುದು 1828ರಲ್ಲಿ. ಬಳೆಯ ಒತ್ತಡಕ್ಕೆ ಸಿಕ್ಕಿ ಅಂಚಿನ ಅಕ್ಷರಗಳೂ ಜಜ್ಜಿದಂತಾಗಿವೆ. ಅಂಕಿಯನ್ನು ಬೇಕಾದಂತೆ ಕೊರೆಯಬಹುದು. ಯಂತ್ರ ತನ್ನ ಕಾಲವನ್ನು ಮರೆಮಾಚಲಾರದು.

ಇಷ್ಟೆಲ್ಲ ತಿಳಿದಮೇಲೆ ಬೆಲೆ ಇಳಿಯಿತೆಂದು ಯಾರಾದರೂ ಭಾವಿಸಿದರೆ ಅವರು ಸಂಗ್ರಾಹಕರನ್ನು ಬಲ್ಲವರಲ್ಲ. ಮಸ್ಕತ್ತಿನ ಸುಲ್ತಾನನಿಗೆ ಕೊಟ್ಟುದೆಂದು ನಂಬಲಾಗಿರುವ ಡಾಲರು 2021ರ ಆಗಸ್ಟಿನಲ್ಲಿ 76 ಲಕ್ಷ 80 ಸಾವಿರ ಡಾಲರಿಗೆ ಹರಾಜಾಯಿತು. ನಿಜವಾಗಿ ಮೊದಲನೆಯದಾದ 1794ರ ಡಾಲರುಗಳಲ್ಲಿ ಅತ್ಯುತ್ತಮವೆನಿಸಿದ ಒಂದು, ನಡುವೆ ಬೆಳ್ಳಿಯ ಬೆಣೆಯುಳ್ಳದ್ದು, 2013ರ ಜನವರಿಯಲ್ಲಿ ಒಂದು ಕೋಟಿ ಡಾಲರನ್ನು ದಾಟಿತು. ಅಂಥ ಎತ್ತರದ ಮಾತು ನಮಗೇಕೆ? ಸವೆದುದೊಂದನ್ನು ಕೊಳ್ಳುವವನು ತೂಕ ನೋಡಬೇಕು. ಕೀಳು ಲೋಹದ ಕೃತ್ರಿಮಗಳು 416 ಗ್ರೇನಿನ ತಕ್ಕಡಿಯ ಮುಂದೆ ಸಾಮಾನ್ಯವಾಗಿ ಸೋಲುತ್ತವೆ. ಅಂಚಿನ ಅಕ್ಷರಗಳನ್ನು ಭೂತಗನ್ನಡಿಯಿಂದ ಓದಬೇಕು. ಹಬ್ಬಕ್ಕೆ ಬೆಳ್ಳಿಯ ಪಾತ್ರೆಗೆ ಹುಣಿಸೆಹಣ್ಣು ಹಚ್ಚಿ ತಿಕ್ಕುವ ನಮ್ಮ ಮನೆಗಳ ಅಭ್ಯಾಸವನ್ನು ನಾಣ್ಯದ ಬಳಿಗೆ ತರಲೇಬಾರದು. ಒಂದು ಸಲ ತಿಕ್ಕಿದರೆ ಇನ್ನೂರು ವರ್ಷದ ಕಾಂತಿ ಹೋಯಿತು, ಬೆಲೆಯೂ ಅದರೊಡನೆ.

ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಎಂಬ ಇಬ್ಬರು ವಿದ್ವಾಂಸರು ಹಳೆಯ ಕಾಗದಪತ್ರಗಳನ್ನು ಜಾಲಾಡಿ, 1804ರ ಡಾಲರು ರಾಬರ್ಟ್ಸನ ಉಡುಗೊರೆಗಳಿಗಾಗಿ 1834ರಲ್ಲಿ ಹುಟ್ಟಿತೆಂದು ಸಾಧಿಸಿ ಪುಸ್ತಕ ಬರೆದರು. ಅದು ಅಚ್ಚಿನಲ್ಲಿರುವಾಗಲೇ, 1962ರ ಆಗಸ್ಟಿನಲ್ಲಿ, ಡೆಟ್ರಾಯ್ಟಿನಲ್ಲಿ ನೆರೆದ ನಾಣ್ಯಸಂಗ್ರಾಹಕರ ಸಮ್ಮೇಳನಕ್ಕೆ ಲಂಡನ್ನಿನ ನಾಣ್ಯವರ್ತಕ ಡೇವಿಡ್ ಸ್ಪಿಂಕ್ ಒಂದು ಸಣ್ಣ ಪೆಟ್ಟಿಗೆಯನ್ನು ತಂದ. ಹಳದಿ ಚರ್ಮ ಹೊದಿಸಿದ ಆ ಪೆಟ್ಟಿಗೆ ಸಯಾಮಿನ ರಾಜನಿಗೆ ಸಂದದ್ದು. ಒಳಗಿನ ಗುಳಿಗಳಲ್ಲಿ 1834 ಎಂದು ಅಚ್ಚಾದ ಸಣ್ಣ ನಾಣ್ಯಗಳು ಕುಳಿತಿದ್ದುವು. ಅವುಗಳ ನಡುವೆ, ಅದೇ ಹೊಳಪಿನಿಂದ, 1804ರ ಡಾಲರು.